ಹದಿನಾರಾಣೆ ಚಲೋ ಐತ್ರೀ ಸಾಹೇಬ್ರ

ಗದಗ ಪಕ್ಕದ ಬೆಟಗೇರಿಯಲ್ಲಿ ನನ್ನದೊಂದು ಸಣ್ಣ ದವಾಖಾನೆ. ಬರುವವರಲ್ಲಿ ನೇಕಾರರು ಜಾಸ್ತಿ, ಉಳಿದವರು ಸುತ್ತಲಿನ ಹಳ್ಳಿಯವರು. ಅಜ್ಜನ ಬಿಪಿ, ಮಗನ ಸಕ್ಕರೆ, ಮೊಮ್ಮಗಳ ಜ್ವರ ಮೂರನ್ನೂ ನಾನೇ ನೋಡುವ ಮನೆಗಳಿವೆ. ಇಂಥವರಿಗೆ "ನಮ್ಮ ದವಾಖಾನಿ ಹೆಂಗನಸ್ತೈತಿ?" ಎಂದು ಕೇಳಿದರೆ ಒಂದೇ ಉತ್ತರ: "ಚಲೋ ಐತ್ರೀ ಸಾಹೇಬ್ರ." ಎದುರಿಗೆ ಕೂತವನಿಗೆ ಬೇರೆ ಏನು ಹೇಳುತ್ತಾರೆ? ಆದರೆ ಅದೇ ಹೊತ್ತಿಗೆ ಒಂದೆರಡು ಹಳೇ ಮನೆಯವರು ಸದ್ದಿಲ್ಲದೆ ಬೇರೆ ಡಾಕ್ಟರ ಕಡೆ ಹೋಗತೊಡಗಿದ್ದರು. ಯಾಕೆ ಅಂತ ನನಗೆ ತಿಳಿಯಬೇಕಿತ್ತು.

ಹೊಸದಾಗಿ ಪ್ರಶ್ನೆ ಹೆಣೆಯುವ ಬದಲು, ಪರೀಕ್ಷೆಗೆ ನಿಂತ ಪ್ರಶ್ನಾವಳಿಯನ್ನೇ ಕನ್ನಡಕ್ಕೆ ತರೋಣ ಅಂದುಕೊಂಡೆ. ಮೊದಲು ಹಿಡಿದದ್ದು, ದವಾಖಾನೆಯ ಬಗ್ಗೆ ರೋಗಿಗಳಿಗೆ ಏನನಿಸುತ್ತದೆ ಅಂತ ಅಳೆಯುವ ಪಿಎಸ್‌ಕ್ಯೂ-18. ಅಮೆರಿಕದ ರ್‍ಯಾಂಡ್ ಸಂಸ್ಥೆಯದು, 1994ರದು, ಪುಕ್ಕಟೆ ಸಿಗುತ್ತದೆ. ಒಟ್ಟು 18 ವಾಕ್ಯ. ಪ್ರತಿಯೊಂದಕ್ಕೂ "ಪೂರ್ತಿ ಒಪ್ಪುತ್ತೇನೆ"ಯಿಂದ "ಒಪ್ಪುವುದೇ ಇಲ್ಲ"ದವರೆಗೆ ಐದು ಮನೆ. ಧಾರವಾಡದ ಗೆಳೆಯನೊಬ್ಬ ಕನ್ನಡ ಮಾಸ್ತರ, ಅವನು ಕನ್ನಡಕ್ಕೆ ತಂದ. ಮೂಲವನ್ನು ನೋಡಿಯೇ ಇರದ ಇನ್ನೊಬ್ಬ ಇಂಗ್ಲಿಷ್ ಮಾಸ್ತರ ಅದನ್ನು ತಿರುಗಿ ಇಂಗ್ಲಿಷಿಗೆ ಮಾಡಿದ. 1970ರಲ್ಲಿ ಬ್ರಿಸ್ಲಿನ್ ಎಂಬವರು ಇದರ ಬಗ್ಗೆ ಬರೆದ ಮೇಲೆ ಎಲ್ಲ ಕಡೆ ಬಳಕೆಗೆ ಬಂದ ಪದ್ಧತಿ ಇದು. ಹೋದ ಇಂಗ್ಲಿಷು, ಬಂದ ಇಂಗ್ಲಿಷು ಪಕ್ಕಪಕ್ಕ ಇಟ್ಟು ನೋಡಿದೆವು. ಅಕ್ಕ ತಂಗಿಯರ ಹಾಗೆ ಇದ್ದವು. ಗೆದ್ದೆವು ಅಂದುಕೊಂಡು ಚಹಾ ಕುಡಿದು ಎದ್ದೆವು.

ಮೋಸ ಹೋಗಿದ್ದು ಅಲ್ಲೇ. ಇಬ್ಬರೂ ಮಾಸ್ತರರು. "ಆರ್ಥಿಕ ಹಿನ್ನಡೆ" ಅಂದರೆ ಅವನಿಗೂ ಗೊತ್ತು, ಇವನಿಗೂ ಗೊತ್ತು. ಮಗ್ಗದ ಕುಣಿಯಲ್ಲಿ ಕಾಲು ಇಳಿಬಿಟ್ಟು ಕೂತವರಿಗೆ ಗೊತ್ತೋ ಇಲ್ಲವೋ ಅಂತ ತಿರುಗಿ ಮಾಡಿದ ಇಂಗ್ಲಿಷು ಹೇಳುವುದಿಲ್ಲ.

ಹತ್ತು ಜನರ ಮೇಲೆ ಪ್ರಯೋಗ ಮಾಡಿದೆ. ಟಿಕ್ ಹಾಕಿಸಿ ಸುಮ್ನೆ ಬಿಡಲಿಲ್ಲ. "ಈ ಮಾತು ನಿಮಗ ಏನಂತ ತಿಳೀತು, ನಿಮ್ಮ ಮಾತಿನ್ಯಾಗ ಹೇಳ್ರಿ" ಎಂದು ಒಂದೊಂದಕ್ಕೂ ಕೇಳಿದೆ. ಅರ್ಧ ದಿನ ಹಿಡಿಯಿತು. ಈ ಕೆಲಸದಲ್ಲಿ ನನಗೆ ಬುದ್ಧಿ ಬಂದದ್ದೆಲ್ಲ ಆ ಅರ್ಧ ದಿನದಲ್ಲೇ.

"ವೈದ್ಯರು ನಿಮ್ಮನ್ನು ದೈಹಿಕವಾಗಿ ಪರೀಕ್ಷಿಸುತ್ತಾರೆ" ಅಂದರೆ ಒಬ್ಬರು "ರಕ್ತ ತಗೀತಾರಲ್ರೀ" ಅಂದರು. ಪರೀಕ್ಷೆ ಅಂದರೆ ಲ್ಯಾಬು, ಇಲ್ಲವೆ ಎಸ್ಸೆಸ್ಸೆಲ್ಸಿ. ಅದನ್ನು "ಮೈ ಮುಟ್ಟಿ, ಕಿವಿಗೆ ನಳಿ ಹಚ್ಚಿ ನೋಡ್ತಾರೇನು?" ಎಂದು ಬದಲಿಸಿದೆ. "ಆರ್ಥಿಕ ಹಿನ್ನಡೆಯಾಗದೆ" ಹೋಗಿ "ಸಾಲಾ ಸೋಲಾ ಮಾಡದಂಗ" ಬಂತು. "ತೃಪ್ತಿ" ಎಂಬ ಮಾತನ್ನೇ ತೆಗೆದುಬಿಟ್ಟೆ. ಅದು ಊಟಕ್ಕೆ ಬರುವ ಮಾತು, ದವಾಖಾನೆಗೆ ಅಲ್ಲ.

ಶಬ್ದ ಬದಲಿಸಬಹುದು. ಉಲ್ಟಾ ವಾಕ್ಯಗಳ ಕಥೆಯೇ ಬೇರೆ. ಪಿಎಸ್‌ಕ್ಯೂ-18ರಲ್ಲಿ 9 ವಾಕ್ಯ ಹೊಗಳುವವು, 9 ತೆಗಳುವವು. ಎಲ್ಲದಕ್ಕೂ "ಹೂಂ" ಅನ್ನುತ್ತಾ ಹೋಗುವವರು ಸಿಕ್ಕಿಬೀಳಲಿ ಅಂತ ಹಾಗೆ ಮಾಡಿದ್ದಾರೆ. 10ನೆಯದು, ಡಾಕ್ಟರು ವ್ಯಾಪಾರ ಮಾಡಿದ ಹಾಗೆ ಮಾತಾಡುತ್ತಾರೆ, ಅಂತಃಕರಣ ಇಲ್ಲ ಎಂದು. 11ನೆಯದು, ಡಾಕ್ಟರು ಸ್ನೇಹದಿಂದ, ಮರ್ಯಾದೆಯಿಂದ ನೋಡಿಕೊಳ್ಳುತ್ತಾರೆ ಎಂದು. ಒಬ್ಬ ಹಿರಿಯರು ಎರಡಕ್ಕೂ "ಪೂರ್ತಿ ಒಪ್ಪುತ್ತೇನೆ" ಹಾಕಿಸಿದರು. ಅದು ಹೇಗೆ ಅಂತ ಕೇಳಿದೆ. "ನೀವು ಕೇಳಿದ್ದಕ್ಕ ಇಲ್ಲ ಅನ್ನೂದು ಚಲೋ ಅಲ್ರೀ" ಅಂದರು.

13ನೆಯದು ಇನ್ನೂ ತೊಡಕು. "ನಾನು ಹೇಳಿದ್ದನ್ನು ಡಾಕ್ಟರು ಕೆಲವೊಮ್ಮೆ ಕಿವಿಗೆ ಹಾಕಿಕೊಳ್ಳುವುದಿಲ್ಲ." ಒಪ್ಪುತ್ತೀರಾ? "ಹೌದ್ರೀ, ಹಾಕ್ಕೋತಾರ." ಈಗ ಟಿಕ್ ಎಲ್ಲಿ ಹಾಕಬೇಕು? "ಹೌದು" ನೋಡಿ ಹಾಕಿದರೆ ನನಗೆ ಕೆಟ್ಟ ಅಂಕ, "ಹಾಕ್ಕೋತಾರ" ನೋಡಿ ಹಾಕಿದರೆ ಒಳ್ಳೇ ಅಂಕ. ನಮ್ಮ ಕಂಪೌಂಡರ್ ನನ್ನ ಮೇಲಿನ ಪ್ರೀತಿಗೆ ಎಲ್ಲವನ್ನೂ ಒಳ್ಳೇ ಕಡೆಗೇ ಹಾಕಿದ್ದ. ಆ ಹತ್ತು ಹಾಳೆ ರದ್ದಿಗೆ ಹೋದವು.

ಆಮೇಲೆ ಯೂರೋಪೆಪ್ ಎಂಬ ಇನ್ನೊಂದು ಪ್ರಶ್ನಾವಳಿ ಹಿಡಿದೆ. ಯುರೋಪಿನ ಹಲವು ದೇಶಗಳ ಫ್ಯಾಮಿಲಿ ಡಾಕ್ಟರುಗಳಿಗಾಗಿಯೇ 1990ರ ದಶಕದಲ್ಲಿ ಮಾಡಿದ್ದು. 23 ಪ್ರಶ್ನೆ. ಇಲ್ಲಿ ಒಪ್ಪುವ, ಒಪ್ಪದ ಜಗಳ ಇಲ್ಲ. ನಿಮ್ಮ ಮಾತು ಕೇಳಿಸಿಕೊಳ್ಳುವುದು ಹೇಗೆ, ಮೈ ನೋಡುವುದು ಹೇಗೆ, ಪಾಳಿಯಲ್ಲಿ ಕಾಯುವುದು ಹೇಗೆ ಎಂದು ಕೇಳಿ, ಕಳಪೆಯಿಂದ ಅತ್ಯುತ್ತಮದವರೆಗೆ ಐದು ಮೆಟ್ಟಿಲು ಕೊಡುತ್ತಾರೆ. ಅನ್ವಯ ಆಗದಿದ್ದರೆ ಅದಕ್ಕೂ ಒಂದು ಮನೆ ಇದೆ. ಕಳೆದ 12 ತಿಂಗಳ ಅನುಭವ ಹೇಳಬೇಕು. ಅದನ್ನು ನಾವು "ಹ್ವಾದ ಯುಗಾದಿಯಿಂದ ಇಲ್ಲೀತನಕ" ಎಂದು ಮಾಡಿಕೊಂಡೆವು, ಎಲ್ಲರಿಗೂ ಹತ್ತಿತು.

ಆದರೆ ಮೆಟ್ಟಿಲು? "ಉತ್ತಮ", "ಅತ್ಯುತ್ತಮ" ಎರಡೂ ನಮ್ಮ ಕಡೆ "ಚಲೋ"ನೇ. ಕೆಳಗಿನದಕ್ಕೆ "ಅಡ್ಡಿಯಿಲ್ಲ" ಅನ್ನುತ್ತಾರೆ. ಈ ಅಡ್ಡಿಯಿಲ್ಲ ಬಲು ಜಾಣ ಮಾತು. ಬಾಯಲ್ಲಿ ಹೊಗಳಿಕೆ ಇರುತ್ತದೆ, ಕಣ್ಣು ಬೇರೆ ಕಡೆ ಇರುತ್ತದೆ. ಒಬ್ಬ ಅಜ್ಜ ಹಾದಿ ತೋರಿಸಿದರು. ಕಾಯುವ ಹೊತ್ತಿನ ಬಗ್ಗೆ ಕೇಳಿದಾಗ "ರೂಪಾಯಿಗೆ ನಾಕಾಣೆ ಹಿಡೀರಿ" ಅಂದರು. ಸೊನ್ನೆ, ನಾಲ್ಕಾಣೆ, ಎಂಟಾಣೆ, ಹನ್ನೆರಡಾಣೆ, ಹದಿನಾರಾಣೆ. ಲೆಕ್ಕ ಹಾಕಿ, ಸರಿಯಾಗಿ ಐದೇ ಮೆಟ್ಟಿಲು! ವಯಸ್ಸಾದವರು ಆಣೆಯಲ್ಲಿ ಥಟ್ಟನೆ ಹೇಳುತ್ತಿದ್ದರು. ಹುಡುಗರಿಗೆ ಆಣೆ ಅಂದರೆ ದೇವರ ಆಣೆ ಮಾತ್ರ ಗೊತ್ತು. ಅವರಿಗೆ ಮೊಬೈಲಿನ ಐದು ಸ್ಟಾರ್ ಸಾಕಾಯಿತು. ಹೀಗೆ ಎರಡು ಅಳತೆ ಇಟ್ಟ ಮೇಲೆ ನನ್ನ ಅಂಕವನ್ನು ಯುರೋಪಿನವರ ಅಂಕದ ಪಕ್ಕ ಇಟ್ಟು ಹೋಲಿಸಲು ಬರುವುದಿಲ್ಲ, ನಿಜ. ನನಗೆ ಬೇಕಾಗಿದ್ದು ಬೆಟಗೇರಿಯ ಲೆಕ್ಕ.

ಕೇಳುವವರನ್ನೂ ಬದಲಿಸಿದೆ. ಕಂಪೌಂಡರ್ ಬೇಡ, ನಾನಂತೂ ಬೇಡವೇ ಬೇಡ. ಧಾರವಾಡದಲ್ಲಿ ಓದುತ್ತಿದ್ದ, ಇಲ್ಲಿ ಯಾರಿಗೂ ಪರಿಚಯ ಇಲ್ಲದ ಹುಡುಗಿಯೊಬ್ಬಳು ಮನೆಮನೆಯ ಕಟ್ಟೆಗೆ ಹೋಗಿ ಕೂತಳು. ಹಾಳೆಯ ಮೇಲೆ ಹೆಸರಿಲ್ಲ, ನಂಬರ್ ಮಾತ್ರ. ದವಾಖಾನೆಯ ಒಳಗೆ ಬರೀ ಹದಿನಾರಾಣೆ ಸಿಗುತ್ತಿದ್ದದ್ದು ಕಟ್ಟೆಯ ಮೇಲೆ ಇಳಿಯಿತು. ಫೋನಿನಲ್ಲಿ ಸಿಗುವುದು ಎಂಟಾಣೆಗೆ ಬಂತು. ಕಾಯುವ ಹೊತ್ತಿಗೆ ಸೊನ್ನೆ ಕೊಟ್ಟವರೂ ಇದ್ದರು. ನೇಕಾರನಿಗೆ ಎರಡು ತಾಸು ಕಾಯುವುದು ಅಂದರೆ ಬೆಂಚಿನ ಮೇಲೆ ಸುಮ್ನೆ ಕೂರುವುದಲ್ಲ, ಅಷ್ಟು ಸೀರೆ ಹಿಂದೆ ಬಿತ್ತು ಅಂತ. ಈಗ ಬೆಳಿಗ್ಗೆ ಚೀಟಿ ಕೊಟ್ಟು "ಹನ್ನೊಂದಕ್ಕ ಬರ್ರಿ" ಎಂದು ಮನೆಗೆ ಕಳಿಸುತ್ತೇವೆ. ಎಲ್ಲ ದಿನ ಸಾಧಿಸಿದೆ ಅಂತ ಹೇಳಲಾರೆ.

17ನೆಯ ಪ್ರಶ್ನೆ ಮಾತ್ರ ನಾನು ಎಣಿಸಿರದ ಜಾಗದಲ್ಲಿ ಚುಚ್ಚಿತು. ದೊಡ್ಡ ಡಾಕ್ಟರ ಕಡೆ ಕಳಿಸುವಾಗ ಅಲ್ಲಿ ಏನೇನು ಆಗುತ್ತದೆ ಅಂತ ಮೊದಲೇ ಹೇಳುತ್ತಾರಾ ಎಂಬುದು. ಇದರಲ್ಲಿ ನಾನು ಹುಷಾರು ಅಂತ ನನ್ನ ನಂಬಿಕೆ. ಒಂದು ಹಾಳೆಯಲ್ಲಿ ಸೊನ್ನೆ ಇತ್ತು. ಪಕ್ಕದಲ್ಲಿ ಹುಡುಗಿ ಆ ಅಮ್ಮನ ಮಾತನ್ನು ಇದ್ದಂತೆ ಬರೆದುಕೊಂಡಿದ್ದಳು: "ಹೊಟ್ಟಿ ಸ್ಕ್ಯಾನಿಂಗ್ ಅಂತ ಹುಬ್ಬಳ್ಳಿಗೆ ಕಳಿಸಿದ್ರು. ನಸುಕಿನ್ಯಾಗ ಎದ್ದು ರೊಟ್ಟಿ ತಿಂದು ಬಸ್ ಹತ್ತಿದ್ನಿ. ಖಾಲಿ ಹೊಟ್ಟಿಲೆ ಬರಬೇಕಿತ್ತಂತ. ತಿರುಗಿ ಕಳಿಸಿದ್ರು. ಮರುದಿನ ಮತ್ತ ಹ್ವಾದ್ನಿ. ಸಾಹೇಬ್ರಿಗೆ ಹೇಳಬ್ಯಾಡವಾ, ಬ್ಯಾಸರ ಮಾಡ್ಕೋತಾರ."

ಹೋಗಿ ಬರಲು ಸುಮಾರು 120 ಕಿ.ಮೀ., ಎರಡು ಸಲ. ಆಕೆ ಯಾರಂತ ನಾನು ಕೇಳಲಿಲ್ಲ. ಚೀಟಿಯ ಹಿಂಬದಿಗೆ ಈಗ ದೊಡ್ಡ ಅಕ್ಷರದಲ್ಲಿ ಬರೆಯುತ್ತೇನೆ: ಏನೂ ತಿನ್ನಬ್ಯಾಡ್ರಿ, ಹಳೇ ಕಾಗದ ತಗೊಂಡು ಹೋಗ್ರಿ. ಓದಲು ಬಾರದವರಿಗೆ ಕಂಪೌಂಡರ್ ಓದಿ ಹೇಳುತ್ತಾನೆ. ಮುಂದಿನ ಯುಗಾದಿಗೆ ಅದೇ ಹುಡುಗಿ ಬರುತ್ತಾಳೋ ಇಲ್ಲವೋ, ಅವಳದೂ ಓದು ಮುಗಿಯಿತು. ಬೇರೆ ಊರಿನ ಯಾರನ್ನಾದರೂ ಹುಡುಕಬೇಕು.