ಭೀಮೆಯ ಮೇಲೆ ಸುಮ್ನೆ ಒಂದು ದಿನ

ನಮ್ಮ ಕಡೆ ಹೊಳೆ ಅಂದರೆ ಜನರಿಗೆ ನೆನಪಾಗುವುದು ಎರಡೇ. ಮಳೆಗಾಲದ ನೆರೆ, ಬೇಸಿಗೆಯ ಒಣ ಮರಳು. ಇವೆರಡರ ನಡುವೆ ಭೀಮೆ ಕೆರೆಯ ಹಾಗೆ ತುಂಬಿಕೊಂಡು ತೆಪ್ಪಗಿರುವ ದಿನಗಳೂ ಇವೆ. ಹರಿಗೋಲಿನಲ್ಲಿ ಕೂತು ಒಂದಿಡೀ ದಿನ ಕಳೆಯುವ ಆಸೆ ಇದ್ದರೆ ಅದೇ ಹೊತ್ತು.

ಕಲಬುರಗಿ ಜಿಲ್ಲೆಯ ಚಿತ್ತಾಪುರ ತಾಲ್ಲೂಕಿನ ಸನ್ನತಿಯನ್ನೇ ಇಟ್ಟುಕೊಂಡು ಹೇಳುತ್ತೇನೆ. ಅಲ್ಲಿ ಭೀಮೆಗೆ ಬ್ಯಾರೇಜ್ ಇದೆ, ಹಿನ್ನೀರು ಚೆನ್ನಾಗಿ ನಿಲ್ಲುತ್ತದೆ.

ದಿನ ಆರಿಸಿಕೊಳ್ಳುವುದು

ನವೆಂಬರ್ ಕೊನೆಯಿಂದ ಜನವರಿವರೆಗೆ ಹೋಗಿ. ಮಳೆ ನಿಂತ ಮೇಲೆ ಗೇಟ್ ಹಾಕಿ ನೀರು ಹಿಡಿದಿಟ್ಟಿರುತ್ತಾರೆ. ದಂಡೆಯ ಪಂಪ್‌ಸೆಟ್‌ಗಳೆಲ್ಲ ಎಳೆದುಕೊಂಡು ಬೇಸಿಗೆ ಹೊತ್ತಿಗೆ ಆ ನೀರು ಇಳಿದುಹೋಗುತ್ತದೆ. ಮಳೆಗಾಲದಲ್ಲಂತೂ ಬೇಡವೇ ಬೇಡ. ನಮ್ಮ ಊರಲ್ಲಿ ಬಿಸಿಲಿದ್ದರೂ ಮೇಲೆ ಸೊಲ್ಲಾಪುರ ಜಿಲ್ಲೆಯ ಉಜನಿ ಜಲಾಶಯದಿಂದ ನೀರು ಬಿಟ್ಟರೆ ಇಲ್ಲಿ ಹೊಳೆ ಏರುತ್ತದೆ. 2020ರ ಅಕ್ಟೋಬರ್‌ನಲ್ಲಿ ದಂಡೆಯ ಊರುಗಳು ಪಟ್ಟ ಪಾಡು ಗೊತ್ತಲ್ಲ. ಚಳಿಗಾಲದಲ್ಲೂ ಹೊರಡುವ ಮುನ್ನ ನೀರು ಬಿಡುವ ಸುದ್ದಿ ಇದೆಯೇ ಎಂದು ಊರವರನ್ನು ಕೇಳಿಕೊಳ್ಳಿ.

ಅಂಬಿಗರನ್ನು ಹುಡುಕುವುದು

ಅರ್ಧ ಕೆಲಸ ಇದೇ. ಟಿಕೆಟ್ ಕೌಂಟರ್ ಇರುತ್ತದೆ ಅಂದುಕೊಳ್ಳಬೇಡಿ. ಹಿಂದಿನ ದಿನವೇ ಹೋಗಿ ಮೀನು ಹಿಡಿಯುವವರನ್ನು ಕಂಡು ಮಾತಾಡಿ. ನಾನು ಮೊದಲ ಸಲ ಕೇಳಿದಾಗ ಹೀಗಾಯಿತು:

"ಕಾಕಾ, ನಾಳಿ ನಾಲ್ಕು ಮಂದಿ ಬರ್ತೀವ್ರಿ. ಹರಗೋಲ್ದಾಗ ಕರ್ಕೊಂಡು ಹೋಗ್ತೀರೇನ್ರಿ?"

"ಆಚಿ ದಂಡಿಗೇನ್ರಿ?"

"ಇಲ್ರಿ, ಎಲ್ಲಿಗೂ ಇಲ್ರಿ. ಸುಮ್ನೆ ತಿರಗಾಡೋದು."

ಕಾಕಾ ನನ್ನನ್ನು ಮೇಲಿಂದ ಕೆಳಗೆ ನೋಡಿದರು. ಅವರ ಲೆಕ್ಕದಲ್ಲಿ ಹರಿಗೋಲು ಇರುವುದು ದಾಟಲು, ಇಲ್ಲವೇ ಬಲೆ ಬಿಡಲು. ಅದಕ್ಕೇ ರೊಕ್ಕದ ಮಾತು ಮೊದಲೇ ಮುಗಿಸಿ. ಅವರು ಆ ದಿನದ ಮೀನು ಬಿಟ್ಟು ನಿಮ್ಮ ಜೊತೆ ಬರುತ್ತಾರೆ ಎಂಬುದು ನೆನಪಿರಲಿ, ಚೌಕಾಸಿ ಜಾಸ್ತಿ ಮಾಡಬೇಡಿ. ಲೈಫ್ ಜಾಕೆಟ್ ಅಲ್ಲೇ ಸಿಗುತ್ತದೆ ಎಂದು ನಂಬಿ ಹೋಗಬೇಡಿ, ತಲೆಗೊಂದರಂತೆ ನೀವೇ ಒಯ್ಯಿರಿ.

ಹತ್ತುವುದು, ಕೂರುವುದು

ಹರಿಗೋಲು ಅಂದರೆ ಬಿದಿರಿನ ದೊಡ್ಡ ಬುಟ್ಟಿ. ಮೊದಲು ಹೊರಗೆ ಚರ್ಮ ಹೊದಿಸುತ್ತಿದ್ದರು, ಈಗ ಪ್ಲಾಸ್ಟಿಕ್ ಹಾಳೆ ಮತ್ತು ಡಾಂಬರು. ಹತ್ತುವ ಮುನ್ನ ಒಳಗೆ ಬಗ್ಗಿ ನೋಡಿ. ತಳದಲ್ಲಿ ನೀರು ಜಿನುಗುತ್ತಿದ್ದರೆ ಬೇರೆಯದು ಕೇಳಿ, ಇದರಲ್ಲಿ ನಾಚಿಕೆ ಬೇಡ.

ದಂಡೆಯ ಎರೆಮಣ್ಣು ಒದ್ದೆಯಾದರೆ ಚಪ್ಪಲಿಯನ್ನೇ ಕಿತ್ತುಕೊಳ್ಳುತ್ತದೆ. ಬರಿಗಾಲಲ್ಲಿ ಒಬ್ಬೊಬ್ಬರಾಗಿ ಹತ್ತಿ. ಕಾಲು ನಡುವಿಗೆ ಇಡಬೇಕು, ಅಂಚಿನ ಮೇಲಲ್ಲ. ಒಬ್ಬರಿಗೆ ಎದುರಾಗಿ ಒಬ್ಬರು, ತಳದಲ್ಲೇ ಚಕ್ಕಂಬಕ್ಕಲ ಹಾಕಿ ಕೂತುಬಿಡಿ. ಸೆಲ್ಫಿಗೆ ಅಂತ ಎಲ್ಲರೂ ಒಂದೇ ಬದಿಗೆ ಸರಿದರೆ ಬುಟ್ಟಿ ವಾಲುತ್ತದೆ. ಕೈ ನೀರಿಗೆ ಇಳಿಬಿಡಬೇಡಿ, ಭೀಮೆಯಲ್ಲಿ ಮೊಸಳೆ ಕಾಣಿಸಿಕೊಂಡದ್ದುಂಟು. ಬ್ಯಾರೇಜಿನ ಗೇಟ್ ಕಡೆ ಹೋಗುವ ಮಾತೇ ಎತ್ತಬೇಡಿ, ಅಲ್ಲಿ ನೀರಿನ ಸೆಳೆತ ಮೇಲಿಂದ ತಿಳಿಯುವುದಿಲ್ಲ.

ಒಮ್ಮೆ ಹುಟ್ಟು ಹಾಕಿ ನೋಡುವ ಆಸೆ ಎಲ್ಲರಿಗೂ ಬರುತ್ತದೆ. ನನಗೂ ಬಂತು. ದೋಣಿಯ ಹಾಗೆ ಒಂದು ಬದಿಗೆ ಜಗ್ಗಿದೆ. ಹರಿಗೋಲು ಬುಗುರಿಯ ಹಾಗೆ ತಿರುಗಿತು, ಹಿಂಡಿಯ ಡಬ್ಬಿ ತಮ್ಮನ ತೊಡೆ ಮೇಲೆ ಉರುಳಿತು. ದುಂಡಗಿನ ಬುಟ್ಟಿಗೆ ಮುಂದೆ ಹಿಂದೆ ಎಂಬುದಿಲ್ಲ. ಹುಟ್ಟನ್ನು ಎದುರಿಗೆ ಇಳಿಸಿ, ಒಮ್ಮೆ ಎಡದಿಂದ, ಒಮ್ಮೆ ಬಲದಿಂದ ನೀರನ್ನು ತನ್ನ ಕಡೆಗೆ ಎಳೆದುಕೊಳ್ಳಬೇಕು. ಕಾಕಾ ಅದನ್ನು ಬೀಡಿ ಹಚ್ಚಿಕೊಂಡೇ ಮಾಡಿ ತೋರಿಸಿದರು.

ಹೊತ್ತು ಕಳೆಯುವುದು

ಬೆಳಿಗ್ಗೆ ಏಳಕ್ಕೆ ನೀರಿಗೆ ಇಳಿಯಿರಿ. ದಂಡೆಗುಂಟ ತೊಗರಿ, ಹತ್ತಿ. ಮುಳುಗಿದ ಜಾಲಿಯ ಮೇಲೆ ರೆಕ್ಕೆ ಬಿಚ್ಚಿ ಒಣಗಿಸುವ ನೀರುಕಾಗೆ, ಅದರ ಪಕ್ಕ ಬೆಳ್ಳಕ್ಕಿ. ಹುಟ್ಟು ಎತ್ತಿ ಸುಮ್ಮನಾದರೆ ಅವು ಹಾರುವುದಿಲ್ಲ. ಊಟಕ್ಕೆ ಕಡಕ್ ರೊಟ್ಟಿ, ಶೇಂಗಾ ಹಿಂಡಿ, ಎಣ್ಣೆಗಾಯಿ ಸಾಕು. ತಟ್ಟೆಗೆ ಜಾಗ ಇರುವುದಿಲ್ಲ, ರೊಟ್ಟಿಯೇ ತಟ್ಟೆ. ಕಾಕಾನ ಪಾಲೂ ಕಟ್ಟಿಕೊಳ್ಳಿ.

ಹನ್ನೊಂದರ ಮೇಲೆ ಡಾಂಬರಿನ ಬುಟ್ಟಿ ಕಾಯುತ್ತದೆ. ಆಗ ದಂಡೆಗೆ ಬಂದು ಚಂದ್ರಲಾಂಬಾ ಗುಡಿಗೆ ಹೋಗಿ. 1986ರಲ್ಲಿ ಅಲ್ಲಿನ ಕಾಳಿ ಗುಡಿಯ ಛಾವಣಿ ಬಿದ್ದಾಗ, ಮೂರ್ತಿಗೆ ಪೀಠವಾಗಿದ್ದ ಕಲ್ಲಿನಲ್ಲಿ ಅಶೋಕನ ಶಾಸನ ಸಿಕ್ಕಿತು. ಹತ್ತಿರದ ಕನಗನಹಳ್ಳಿಯ ಬೌದ್ಧ ಸ್ತೂಪದಲ್ಲಿ ರಾಜನೊಬ್ಬನ ಕೆತ್ತನೆಯ ಜೊತೆ ಬ್ರಾಹ್ಮಿ ಲಿಪಿಯಲ್ಲಿ ಅವನ ಹೆಸರೇ ಇದೆ: ರಾಯ ಅಸೋಕ. ಇವೆರಡಕ್ಕೆ ಮಧ್ಯಾಹ್ನ ಸರಿಹೋಗುತ್ತದೆ.

ನಾಲ್ಕಕ್ಕೆ ಮತ್ತೆ ಹತ್ತಿ, ಆದರೆ ಹೊತ್ತು ಮುಳುಗುವ ಮುನ್ನ ಇಳಿದುಬಿಡಿ. ಸಂಜೆ ಬಲೆ ಬಿಡುವ ಹೊತ್ತು. ನೀರ ಮೇಲೆ ಅಲ್ಲಲ್ಲಿ ಥರ್ಮಾಕೋಲ್ ತುಂಡು ತೇಲುತ್ತಿದ್ದರೆ ಕೆಳಗೆ ಯಾರದೋ ಬಲೆ ಇದೆ ಅಂತ. ಕತ್ತಲಾದರೆ ಅದು ಕಾಣುವುದಿಲ್ಲ. ನಮ್ಮನ್ನು ದಂಡೆಗೆ ಬಿಟ್ಟ ಕಾಕಾ ರೊಕ್ಕ ಎಣಿಸದೆ ಜೇಬಿಗೆ ಹಾಕಿಕೊಂಡರು. ತಮ್ಮ ಬಲೆಯನ್ನು ಹರಿಗೋಲಿಗೆ ಎಸೆದು, ಬಂದ ದಾರಿಯಲ್ಲೇ ವಾಪಸ್ ಹೋದರು.