ಮಿಷಿಗನ್ನಿನ ಹದಿಮೂರು ಕ್ಷೇತ್ರಗಳನ್ನು ಮೈಸೂರಿನಲ್ಲಿ ಕುಳಿತು ಓದುವ ಕ್ರಮ

ಸರಸ್ವತಿಪುರಂ, ಕುವೆಂಪುನಗರದ ಬೀದಿಗಳಲ್ಲಿ ಮಗನೋ ಮಗಳೋ ಅಮೆರಿಕದಲ್ಲಿರುವ ಮನೆಗಳು ಈಗ ಅಪರೂಪವಲ್ಲ. ಅವರಲ್ಲಿ ಮಿಷಿಗನ್ ರಾಜ್ಯದ ಡೆಟ್ರಾಯಿಟ್ ಸುತ್ತಮುತ್ತ ಕಾರು ತಯಾರಿಕೆಯ ಕೆಲಸದಲ್ಲಿರುವವರ ತಂದೆ ತಾಯಂದಿರು, ನಾನು ಮಂಡ್ಯದಲ್ಲಿ ಬಹಳ ಕಾಲ ರಾಜ್ಯಶಾಸ್ತ್ರ ಪಾಠ ಮಾಡಿದವನೆಂಬ ಕಾರಣಕ್ಕೆ, ಎರಡು ವರ್ಷಕ್ಕೊಮ್ಮೆ ನವೆಂಬರ್ ತಿಂಗಳಿನಲ್ಲಿ ಒಂದು ಪ್ರಶ್ನೆ ಕೇಳುತ್ತಾರೆ: "ಸಾರ್, ಮಿಷಿಗನ್ ಯಾರಿಗೆ ಹೋಯ್ತು?" ಅಧ್ಯಕ್ಷರ ಚುನಾವಣೆಯಾದರೆ ಈ ಪ್ರಶ್ನೆಗೆ ಒಂದೇ ಮಾತಿನ ಉತ್ತರವುಂಟು. ಪ್ರತಿನಿಧಿ ಸಭೆಯ ಚುನಾವಣೆಯಾದರೆ ಅಂಥ ಉತ್ತರವೇ ಇಲ್ಲ, ಏಕೆಂದರೆ ಅಲ್ಲಿ ನಡೆಯುವುದು ಒಂದು ಚುನಾವಣೆಯಲ್ಲ, ಹದಿಮೂರು ಬೇರೆ ಬೇರೆ ಚುನಾವಣೆಗಳು. ಅವುಗಳನ್ನು ಒಂದೊಂದಾಗಿ ಓದುವ ಕ್ರಮವನ್ನು ಇಲ್ಲಿ ವಿವರಿಸಿದ್ದೇನೆ. ಒಂದು ಗೆರೆ ನೋಟ್‌ಬುಕ್, ಕೆಂಪು ಮತ್ತು ನೀಲಿ ಪೆನ್ಸಿಲ್, ಅಂತರ್ಜಾಲ ಸಂಪರ್ಕ ಇಷ್ಟಿದ್ದರೆ ಸಾಕು. ಕೆಂಪು ಅಲ್ಲಿ ರಿಪಬ್ಲಿಕನ್ ಪಕ್ಷದ ಬಣ್ಣ, ನೀಲಿ ಡೆಮಾಕ್ರಟಿಕ್ ಪಕ್ಷದ್ದು.

ಮೊದಲು ಎರಡು ಪದಗಳನ್ನು ತಿಳಿಮಾಡಿಕೊಳ್ಳಬೇಕು. ಕಾಂಗ್ರೆಸ್ ಎಂದೊಡನೆ ನಮ್ಮ ಮನಸ್ಸು ಪಕ್ಷದ ಕಡೆಗೆ ಹೋಗುತ್ತದೆ. ಅಲ್ಲಿ ಅದು ಸಂಸತ್ತಿನ ಹೆಸರು, ಅದರ ಕೆಳಮನೆಯೇ 435 ಸದಸ್ಯರ ಪ್ರತಿನಿಧಿ ಸಭೆ, ಅದರ ಸದಸ್ಯರ ಅವಧಿ ಕೇವಲ ಎರಡು ವರ್ಷ. ಎರಡನೆಯದು ಡಿಸ್ಟ್ರಿಕ್ಟ್. ಇದನ್ನು ಜಿಲ್ಲೆ ಎಂದು ಅನುವಾದಿಸಿದರೆ ಲೆಕ್ಕವೆಲ್ಲ ತಪ್ಪುತ್ತದೆ, ಏಕೆಂದರೆ ಇಲ್ಲಿ ಅದರ ಅರ್ಥ ಲೋಕಸಭಾ ಕ್ಷೇತ್ರದಂಥ ಕ್ಷೇತ್ರ. ಆಡಳಿತದ ದೃಷ್ಟಿಯಿಂದ ನಮ್ಮ ಜಿಲ್ಲೆಗೆ ಹತ್ತಿರವಾದದ್ದು ಕೌಂಟಿ; ಮಿಷಿಗನ್ನಿನಲ್ಲಿ 83 ಕೌಂಟಿಗಳಿವೆ. ಕ್ಷೇತ್ರದ ಗಡಿಯೂ ಕೌಂಟಿಯ ಗಡಿಯೂ ಒಂದೇ ಆಗಿರಬೇಕೆಂದಿಲ್ಲ. ಮೈಸೂರಿನವರಿಗೆ ಇದು ಹೊಸ ಸಂಗತಿಯೇನಲ್ಲ: ಕೃಷ್ಣರಾಜನಗರ ಮೈಸೂರು ಜಿಲ್ಲೆಯಲ್ಲಿದ್ದೂ ಮಂಡ್ಯ ಲೋಕಸಭಾ ಕ್ಷೇತ್ರಕ್ಕೆ ಸೇರಿದೆ, ನಂಜನಗೂಡು, ವರುಣ, ತಿ. ನರಸೀಪುರ, ಎಚ್.ಡಿ. ಕೋಟೆಗಳು ಚಾಮರಾಜನಗರಕ್ಕೆ ಸೇರಿವೆ. ಮಡಿಕೇರಿ, ವಿರಾಜಪೇಟೆಗಳು ಮೈಸೂರಿನೊಂದಿಗೆ ಬಂದಿವೆ. ಈ ಹೆಣಿಗೆಯನ್ನು ಮನಸ್ಸಿನಲ್ಲಿಟ್ಟುಕೊಂಡರೆ ಅಲ್ಲಿನ ನಕ್ಷೆ ತಾನಾಗಿ ಅರ್ಥವಾಗುತ್ತದೆ.

ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ಸ್ಥಾನಗಳ ಸಂಖ್ಯೆಯನ್ನು ಬರೆದುಕೊಳ್ಳಿ. ಪ್ರತಿ ಹತ್ತು ವರ್ಷಗಳ ಜನಗಣತಿಯ ನಂತರ 435 ಸ್ಥಾನಗಳನ್ನು ರಾಜ್ಯಗಳ ನಡುವೆ ಹೊಸದಾಗಿ ಹಂಚುತ್ತಾರೆ. ಮಿಷಿಗನ್ನಿಗೆ 15 ಇದ್ದದ್ದು 2010ರ ಜನಗಣತಿಯಿಂದ 14 ಆಯಿತು, 2020ರ ಜನಗಣತಿಯಿಂದ 13 ಆಯಿತು. ಸುಮಾರು 1 ಕೋಟಿ 77 ಸಾವಿರ ಜನಸಂಖ್ಯೆಯನ್ನು ಹದಿಮೂರರಿಂದ ಭಾಗಿಸಿದರೆ ಒಂದೊಂದು ಕ್ಷೇತ್ರಕ್ಕೆ 7.75 ಲಕ್ಷದಷ್ಟು ಜನ ಬರುತ್ತಾರೆ, ಮಕ್ಕಳನ್ನೂ ಸೇರಿಸಿ. ನಮ್ಮ ಮಂಡ್ಯ ಕ್ಷೇತ್ರದಲ್ಲಿ ಮತದಾರರೇ 17 ಲಕ್ಷಕ್ಕೂ ಹೆಚ್ಚು. ನಮ್ಮಲ್ಲಿ 1976ರ ಸಂವಿಧಾನ ತಿದ್ದುಪಡಿಯ ನಂತರ ರಾಜ್ಯವಾರು ಸ್ಥಾನಗಳು ಸ್ಥಿರವಾಗಿ ಉಳಿದಿದ್ದರಿಂದ, ಜನಸಂಖ್ಯೆ ಬೆಳೆಯುವ ವೇಗ ತಗ್ಗಿದ ರಾಜ್ಯವೊಂದು ಹತ್ತು ವರ್ಷಕ್ಕೊಮ್ಮೆ ಒಂದೊಂದು ಸ್ಥಾನ ಕಳೆದುಕೊಳ್ಳುವ ನೋವು ಎಂಥದು ಎಂಬುದು ನಮಗೆ ಅಷ್ಟಾಗಿ ಗೊತ್ತಿಲ್ಲ. ಇಲ್ಲಿ ಮುಖ್ಯವಾದ ಎಚ್ಚರಿಕೆ ಒಂದೇ: 2020ರ ಮಿಷಿಗನ್ನಿನ 8ನೇ ಕ್ಷೇತ್ರವೂ 2022ರ 8ನೇ ಕ್ಷೇತ್ರವೂ ಬೇರೆ ಬೇರೆ ನೆಲ. ಸಂಖ್ಯೆ ಒಂದೇ ಎಂದು ಹಳೆಯ ಫಲಿತಾಂಶವನ್ನು ಹೊಸದರ ಪಕ್ಕದಲ್ಲಿಟ್ಟು ತೂಗಬಾರದು.

ಎರಡನೆಯದಾಗಿ, ಗಡಿ ಎಳೆದವರು ಯಾರು ಎಂಬುದನ್ನು ಕೇಳಬೇಕು. ಈ ಪ್ರಶ್ನೆಯನ್ನು ಬಿಟ್ಟು ಅಮೆರಿಕದ ಯಾವ ರಾಜ್ಯದ ಫಲಿತಾಂಶವನ್ನೂ ಓದಬಾರದೆಂಬುದು ನನ್ನ ದೃಢವಾದ ಅಭಿಪ್ರಾಯ. 2012ರಲ್ಲಿ ಮಿಷಿಗನ್ನಿನಾದ್ಯಂತ ಪ್ರತಿನಿಧಿ ಸಭೆಗೆ ಡೆಮಾಕ್ರಟಿಕ್ ಅಭ್ಯರ್ಥಿಗಳು ಒಟ್ಟಾರೆ ರಿಪಬ್ಲಿಕನ್ನರಿಗಿಂತ ಹೆಚ್ಚು ಮತ ಪಡೆದಿದ್ದರು. ಆದರೆ 14 ಸ್ಥಾನಗಳಲ್ಲಿ ಅವರಿಗೆ ದಕ್ಕಿದ್ದು ಐದು ಮಾತ್ರ. ನಕ್ಷೆಯನ್ನು ಆಗ ಬರೆದದ್ದು ರಿಪಬ್ಲಿಕನ್ ಬಹುಮತವಿದ್ದ ರಾಜ್ಯ ಶಾಸನಸಭೆ. ಎದುರು ಪಕ್ಷದ ಮತದಾರರನ್ನು ಕೆಲವೇ ಕ್ಷೇತ್ರಗಳಲ್ಲಿ ಒತ್ತಾಗಿ ತುಂಬಿ, ಉಳಿದವರನ್ನು ಚೂರುಚೂರಾಗಿ ಹಂಚಿಬಿಟ್ಟರೆ ಮತಕ್ಕೂ ಸ್ಥಾನಕ್ಕೂ ಇರುವ ನಂಟು ಹೀಗೆ ಕಡಿದುಹೋಗುತ್ತದೆ. ಇದನ್ನು ಸಹಿಸದ ಸಾಮಾನ್ಯ ನಾಗರಿಕರು ಸಹಿ ಸಂಗ್ರಹಿಸಿ 2018ರಲ್ಲಿ ಜನಮತಕ್ಕೆ ತಂದ ಪ್ರಸ್ತಾವಕ್ಕೆ ಶೇ 61ರಷ್ಟು ಮತದಾರರು ಒಪ್ಪಿಗೆ ಕೊಟ್ಟರು. ಅದರಂತೆ ಈಗ ಗಡಿ ಎಳೆಯುವುದು 13 ಜನ ನಾಗರಿಕರ ಸ್ವತಂತ್ರ ಆಯೋಗ: ನಾಲ್ವರು ಡೆಮಾಕ್ರಟಿಕ್ ಒಲವಿನವರು, ನಾಲ್ವರು ರಿಪಬ್ಲಿಕನ್ ಒಲವಿನವರು, ಯಾವ ಪಕ್ಷಕ್ಕೂ ಸೇರದವರು ಐವರು. ಆ ಆಯೋಗದ ನಕ್ಷೆಯ ಮೇಲೆ 2022ರಲ್ಲಿ ನಡೆದ ಮೊದಲ ಚುನಾವಣೆಯಲ್ಲಿ ಡೆಮಾಕ್ರಟಿಕ್ ಪಕ್ಷಕ್ಕೆ 7, ರಿಪಬ್ಲಿಕನ್ ಪಕ್ಷಕ್ಕೆ 6 ಸ್ಥಾನ ಬಂದವು; 2024ರಲ್ಲಿ ಅದೇ ಅಂಕಿ ತಿರುಗುಮುರುಗಾಯಿತು. ಕೂದಲೆಳೆಯ ವ್ಯತ್ಯಾಸದಲ್ಲಿ ತೂಗುವ ರಾಜ್ಯಕ್ಕೆ ಇಂಥ ಫಲಿತಾಂಶ ಒಪ್ಪುತ್ತದೆ.

ಈಗ ಹದಿಮೂರು ಸಾಲುಗಳನ್ನು ಎಳೆಯಿರಿ. ಪ್ರತಿ ಸಾಲಿನಲ್ಲಿ ಕ್ಷೇತ್ರದ ಸಂಖ್ಯೆ, ಅದರೊಳಗಿನ ದೊಡ್ಡ ಊರು, ಹಾಲಿ ಸದಸ್ಯರು, ಕಳೆದ ಬಾರಿಯ ಗೆಲುವಿನ ಅಂತರ, ಹಾಲಿ ಸದಸ್ಯರು ಮತ್ತೆ ನಿಂತಿದ್ದಾರೆಯೇ ಎಂಬ ಐದು ಸಂಗತಿಗಳಿರಲಿ. ಎಲ್ಲ ಸಾಲುಗಳಿಗೂ ಸಮಾನ ಗಮನ ಕೊಡಬೇಕಾಗಿಲ್ಲ. ಉತ್ತರದ ಕಾಡು, ಸರೋವರಗಳ 1ನೇ ಕ್ಷೇತ್ರ ರಿಪಬ್ಲಿಕನ್ನರಿಗೆ ಭದ್ರ; ಆನ್ ಆರ್ಬರ್ ಇರುವ 6ನೇ ಕ್ಷೇತ್ರವೂ ಡೆಟ್ರಾಯಿಟ್ ನಗರವನ್ನು ಹಂಚಿಕೊಂಡಿರುವ 12 ಮತ್ತು 13ನೇ ಕ್ಷೇತ್ರಗಳೂ ಡೆಮಾಕ್ರಟಿಕ್ ಪಕ್ಷಕ್ಕೆ ಭದ್ರ. ಕಣ್ಣಿಡಬೇಕಾದವು ಮುಖ್ಯವಾಗಿ ಮೂರು: ರಾಜಧಾನಿ ಲ್ಯಾನ್ಸಿಂಗ್ ಇರುವ 7, ಫ್ಲಿಂಟ್ ಮತ್ತು ಸ್ಯಾಗಿನಾ ಇರುವ 8, ಡೆಟ್ರಾಯಿಟ್ಟಿಗೆ ಉತ್ತರದ ವಾರನ್, ಸ್ಟರ್ಲಿಂಗ್ ಹೈಟ್ಸ್ ಇರುವ 10. ಈ ಹತ್ತನೆಯದರಲ್ಲಿ 2022ರಲ್ಲಿ ರಿಪಬ್ಲಿಕನ್ ಅಭ್ಯರ್ಥಿ ಜಾನ್ ಜೇಮ್ಸ್ ಗೆದ್ದದ್ದು ಸುಮಾರು 1,600 ಮತಗಳಿಂದ. ಹಾಲಿ ಸದಸ್ಯರು ಬಿಟ್ಟುಕೊಟ್ಟ ಸ್ಥಾನದ ಪಕ್ಕದಲ್ಲಿ ಒಂದು ನಕ್ಷತ್ರದ ಗುರುತು ಹಾಕಿ. ಅಂಥ ಸ್ಥಾನವೇ ಸುಲಭವಾಗಿ ಕೈಬದಲಾಗುವುದು. 7ನೇ ಕ್ಷೇತ್ರದ ಎಲಿಸ್ಸಾ ಸ್ಲಾಟ್ಕಿನ್ 2024ರಲ್ಲಿ ಕಾಂಗ್ರೆಸ್ಸಿನ ಮೇಲ್ಮನೆಯಾದ ಸೆನೆಟ್ಟಿಗೆ ನಿಂತು ಗೆದ್ದರು; ಅವರು ತೆರವು ಮಾಡಿದ ಸ್ಥಾನವನ್ನು, ಎರಡು ವರ್ಷ ಹಿಂದೆ ಅವರಿಗೇ ಸೋತಿದ್ದ ರಿಪಬ್ಲಿಕನ್ ಪಕ್ಷದ ಟಾಮ್ ಬ್ಯಾರೆಟ್ ಶೇ 4ಕ್ಕಿಂತ ಕಡಿಮೆ ಅಂತರದಲ್ಲಿ ಗೆದ್ದುಕೊಂಡರು. ಇಡೀ ಸಭೆಯಲ್ಲಿ ಆ ವರ್ಷ ರಿಪಬ್ಲಿಕನ್ನರಿಗೆ ಬಂದದ್ದು 220, ಡೆಮಾಕ್ರಟಿಕ್ ಪಕ್ಷಕ್ಕೆ 215 ಎಂಬುದನ್ನು ನೆನೆದರೆ ಒಂದೊಂದು ಸಾಲಿನ ಬೆಲೆ ಎಷ್ಟೆಂದು ತಿಳಿಯುತ್ತದೆ.

ನಮ್ಮವರು ಸಾಮಾನ್ಯವಾಗಿ ತಪ್ಪಿಸಿಕೊಳ್ಳುವ ಘಟ್ಟ ಆಗಸ್ಟ್ ತಿಂಗಳಿನದು. ನಮ್ಮಲ್ಲಿ ಟಿಕೆಟ್ ಯಾರಿಗೆಂದು ಹೈಕಮಾಂಡ್ ತೀರ್ಮಾನಿಸುತ್ತದೆ, ಬಿ ಫಾರಂ ಕೈಗೆ ಬರುವವರೆಗೂ ಅಭ್ಯರ್ಥಿಗೆ ನಿದ್ದೆಯಿರುವುದಿಲ್ಲ. ಅಲ್ಲಿ ಪಕ್ಷದ ಅಭ್ಯರ್ಥಿಯನ್ನು ಆರಿಸುವವರು ಮತದಾರರೇ. ಅದಕ್ಕೆಂದೇ ನಡೆಯುವ ಮತದಾನ ಪ್ರೈಮರಿ. ಮಿಷಿಗನ್ನಿನಲ್ಲಿ ಮತದಾರರು ಯಾವ ಪಕ್ಷದವರೆಂದು ನೋಂದಾಯಿಸಿಕೊಳ್ಳುವ ಪದ್ಧತಿಯಿಲ್ಲ. ಮತಪತ್ರದಲ್ಲಿ ಎರಡೂ ಪಕ್ಷಗಳ ಅಂಕಣಗಳಿರುತ್ತವೆ, ಒಂದೇ ಪಕ್ಷದ ಅಂಕಣದಲ್ಲಿ ಗುರುತು ಹಾಕಬೇಕು. ಎರಡರಲ್ಲೂ ಹಾಕಿದರೆ ಆ ಭಾಗದ ಮತ ಅಸಿಂಧು. ಭದ್ರ ಕ್ಷೇತ್ರಗಳಲ್ಲಿ ನಿಜವಾದ ಸ್ಪರ್ಧೆ ಇದೇ. ಚಿಕ್ಕೋಡಿಯಲ್ಲಿ ಹುಟ್ಟಿ ಬೆಳಗಾವಿಯಲ್ಲಿ ಬೆಳೆದ ಶ್ರೀ ಥಾಣೇದಾರ್ ಅವರು 13ನೇ ಕ್ಷೇತ್ರದಿಂದ ಆರಿಸಿಬಂದ ಬಗೆಯನ್ನು ನೋಡಿದರೆ ಇದು ಸ್ಪಷ್ಟವಾಗುತ್ತದೆ. 2022ರ ಆಗಸ್ಟ್‌ನಲ್ಲಿ ಡೆಮಾಕ್ರಟಿಕ್ ಪ್ರೈಮರಿಯಲ್ಲಿ ಒಂಬತ್ತು ಮಂದಿ ಕಣದಲ್ಲಿದ್ದರು, ಥಾಣೇದಾರ್ ಗೆದ್ದದ್ದು ಶೇ 28ರಷ್ಟು ಮತಗಳಿಂದ. ನವೆಂಬರ್‌ನಲ್ಲಿ ಅವರಿಗೆ ಬಂದದ್ದು ಸುಮಾರು ಶೇ 71. ಎರಡನೆಯ ಅಂಕಿಯನ್ನಷ್ಟೇ ಕಂಡವರು ಇದು ಏಕಪಕ್ಷೀಯ ಗೆಲುವೆಂದು ಭಾವಿಸುತ್ತಾರೆ. ಕಪ್ಪು ಜನಾಂಗದವರೇ ಬಹುಸಂಖ್ಯೆಯಲ್ಲಿರುವ ಡೆಟ್ರಾಯಿಟ್ ನಗರಕ್ಕೆ ದಶಕಗಳ ನಂತರ ಆ ಸಮುದಾಯದ ಪ್ರತಿನಿಧಿ ಇಲ್ಲದಂತಾದ ಬೇಸರ, ಮತಗಳು ಒಂಬತ್ತು ಕಡೆ ಹರಿದುಹೋದದ್ದರ ಚರ್ಚೆ, ಎಲ್ಲವೂ ಆಗಸ್ಟ್‌ನ ಅಂಕಿಯಲ್ಲಿ ಅಡಗಿವೆ. 2024ರಲ್ಲಿ ಅವರ ಮುಖ್ಯ ಎದುರಾಳಿ ಆಡಮ್ ಹಾಲಿಯರ್ ಅವರ ಉಮೇದುವಾರಿಕೆಯೇ ತಿರಸ್ಕೃತವಾಯಿತು. ಬೇಕಾದ 1,000 ಮತದಾರರ ಸಹಿಗಳಲ್ಲಿ ಸಿಂಧುವಾದವು ಸಾಲದೆ ಹೋದವು. ನಮ್ಮಲ್ಲಿ ನಾಮಪತ್ರ ಪರಿಶೀಲನೆಯ ದಿನ ಚುನಾವಣಾಧಿಕಾರಿಯ ಕಚೇರಿಯ ಹೊರಗೆ ಕಾದು ನಿಂತವರಿಗೆ ಆ ಎದೆಬಡಿತ ಪರಿಚಿತವೇ.

ಪ್ರೈಮರಿಯ ಪರಿಣಾಮ ನವೆಂಬರ್‌ವರೆಗೂ ಚಾಚಿಕೊಳ್ಳುವುದುಂಟು. ಗ್ರ್ಯಾಂಡ್ ರ‍್ಯಾಪಿಡ್ಸ್ ನಗರದ 3ನೇ ಕ್ಷೇತ್ರದಲ್ಲಿ ರಿಪಬ್ಲಿಕನ್ ಸದಸ್ಯ ಪೀಟರ್ ಮೈಯರ್ ಅವರು ಟ್ರಂಪ್ ವಿರುದ್ಧದ ವಾಗ್ದಂಡನೆಗೆ ಮತ ಹಾಕಿದ್ದರು; 2022ರ ಪ್ರೈಮರಿಯಲ್ಲಿ ಟ್ರಂಪ್ ಬೆಂಬಲಿತ ಅಭ್ಯರ್ಥಿ ಅವರನ್ನು ಸೋಲಿಸಿದರು. ನವೆಂಬರ್‌ನಲ್ಲಿ ಆ ಸ್ಥಾನ ಡೆಮಾಕ್ರಟಿಕ್ ಪಕ್ಷದ ಹಿಲರಿ ಸ್ಕಾಲ್ಟನ್ ಅವರ ಪಾಲಾಯಿತು. ಮುಂದೆ ರಿಪಬ್ಲಿಕನ್ ಅಧ್ಯಕ್ಷರಾದ ಜೆರಾಲ್ಡ್ ಫೋರ್ಡ್ ಪ್ರತಿನಿಧಿಸಿದ್ದ ಊರದು.

ಎಣಿಕೆಯ ದಿನ ನಮಗೆ ಬುಧವಾರದ ಬೆಳಗು. ಮಿಷಿಗನ್ನಿನ ಬಹುಭಾಗದಲ್ಲಿ ಮತದಾನ ರಾತ್ರಿ ಎಂಟಕ್ಕೆ ಮುಗಿಯುತ್ತದೆ, ಆಗ ಮೈಸೂರಿನಲ್ಲಿ ಬೆಳಗಿನ ಆರೂವರೆ. ಪಶ್ಚಿಮದ ನಾಲ್ಕು ಕೌಂಟಿಗಳ ಗಡಿಯಾರ ಒಂದು ಗಂಟೆ ಹಿಂದಿರುವುದರಿಂದ ಅಲ್ಲಿ ಮುಗಿಯುವಾಗ ನಮಗೆ ಏಳೂವರೆ. ಮೊದಲ ಕಾಫಿಯ ಹೊತ್ತಿಗೆ ಕಾಣುವ ಅಂಕಿಗಳನ್ನು ಪೆನ್ಸಿಲ್‌ನಲ್ಲಿಯೇ ಬರೆಯಿರಿ. ನಮ್ಮ ಚುನಾವಣಾ ಆಯೋಗದಂತೆ ದೇಶಕ್ಕೆಲ್ಲ ಒಂದೇ ಸಂಸ್ಥೆ ಅಲ್ಲಿ ಎಣಿಸುವುದಿಲ್ಲ. 1,500ಕ್ಕೂ ಹೆಚ್ಚು ನಗರ ಮತ್ತು ಟೌನ್‌ಶಿಪ್‌ಗಳ ಕ್ಲರ್ಕ್‌ಗಳು ಚುನಾವಣೆ ನಡೆಸುತ್ತಾರೆ, ಅಂಕಿಗಳು ಕೌಂಟಿವಾರು ಹೊರಬೀಳುತ್ತವೆ. ರಾತ್ರಿಯೇ ಗೆದ್ದವರ ಹೆಸರು ಹೇಳುವುದು ಅಸೋಸಿಯೇಟೆಡ್ ಪ್ರೆಸ್‌ನಂಥ ಸುದ್ದಿಸಂಸ್ಥೆ. ಅದು ನಂಬಿಕೆಗೆ ಅರ್ಹವಾದ ಅಂದಾಜೇ ಹೊರತು ಸರ್ಕಾರಿ ಘೋಷಣೆಯಲ್ಲ.

ಆದ್ದರಿಂದ ಯಾರು ಮುಂದಿದ್ದಾರೆ ಎಂದು ಕೇಳುವ ಮೊದಲು, ಎಲ್ಲಿಯ ಮತ ಬಂದಿದೆ ಎಂದು ಕೇಳಬೇಕು. ಮಂಡ್ಯದಲ್ಲಿ ಎಣಿಕೆ ಕೇಂದ್ರದ ಹೊರಗೆ ನಿಂತ ಯಾವ ಕಾರ್ಯಕರ್ತನೂ ಮೂರನೇ ಸುತ್ತಿನ ಮುನ್ನಡೆ ಕೇಳಿ ಪಟಾಕಿ ಹಚ್ಚುವುದಿಲ್ಲ. ನಾಗಮಂಗಲದ್ದು ಎಷ್ಟು ಮುಗಿಯಿತು, ಮಳವಳ್ಳಿಯದು ಎಷ್ಟು ಬಾಕಿಯಿದೆ ಎಂದು ವಿಚಾರಿಸುತ್ತಾನೆ. 7ನೇ ಕ್ಷೇತ್ರವನ್ನು ಹೀಗೆಯೇ ಓದಬೇಕು. ಲ್ಯಾನ್ಸಿಂಗ್ ನಗರವೂ ವಿಶ್ವವಿದ್ಯಾಲಯದ ಊರೂ ಇರುವ ಇಂಗಮ್ ಕೌಂಟಿ ಡೆಮಾಕ್ರಟಿಕ್ ಪಕ್ಷದ ನೆಲ, ಲಿವಿಂಗ್‌ಸ್ಟನ್ ಕೌಂಟಿ ರಿಪಬ್ಲಿಕನ್ನರ ಭದ್ರಕೋಟೆ. ನೋಟ್‌ಬುಕ್ಕಿನಲ್ಲಿ ಆ ಕ್ಷೇತ್ರಕ್ಕೆ ಪ್ರತ್ಯೇಕ ಪುಟವಿಟ್ಟು, ಎರಡೂ ಕೌಂಟಿಗಳಲ್ಲಿ ಕಳೆದ ಬಾರಿ ಪಕ್ಷಗಳಿಗೆ ಬಂದ ಪ್ರಮಾಣವನ್ನು ಎಡಗಡೆ ಬರೆದಿಟ್ಟುಕೊಳ್ಳಿ, ಬಲಗಡೆ ಈ ಬಾರಿಯದನ್ನು ತುಂಬುತ್ತ ಬನ್ನಿ. ಲಿವಿಂಗ್‌ಸ್ಟನ್ ಮೊದಲು ಬಂದು ಕೆಂಪು ಮುನ್ನಡೆ ದೊಡ್ಡದಾಗಿ ಕಂಡರೂ, ಅದು ಕಳೆದ ಬಾರಿಯ ಪ್ರಮಾಣಕ್ಕಿಂತ ಹೆಚ್ಚಿದೆಯೇ ಎಂಬುದಷ್ಟೇ ಮುಖ್ಯ. 2024ರ ನವೆಂಬರ್ 6ರ ಬೆಳಿಗ್ಗೆ ನಮ್ಮ ಬೀದಿಯ ಕೊನೆಯ ಮನೆಯ ರಾಯರೊಂದಿಗೆ ಹೀಗೆ ಕುಳಿತಿದ್ದೆ. ಅವರ ಮಗಳು ಲ್ಯಾನ್ಸಿಂಗ್‌ನಲ್ಲಿದ್ದಾರೆ. ಹತ್ತು ಗಂಟೆಯ ಹೊತ್ತಿಗೆ ರಾಯರೇ ಪೆನ್ಸಿಲ್ ತೆಗೆದುಕೊಂಡು, "ಇಂಗಮ್ ಸಾಲ್ತಾ ಇಲ್ಲ, ಅಲ್ವೇ ಸಾರ್?" ಎಂದರು. ಅವರು ಸರಿಯಾಗಿಯೇ ಓದಿದ್ದರು.

ಪರದೆಯ ಮೇಲೆ ಶೇಕಡಾ ಇಷ್ಟು ಎಣಿಕೆಯಾಗಿದೆ ಎಂದು ತೋರಿಸುವ ಅಂಕಿಯೂ ಒಂದು ಅಂದಾಜು, ಏಕೆಂದರೆ ಅಂಚೆಯ ಮೂಲಕ ಬಂದ ಮತಗಳೂ ಸೇರಿ ಒಟ್ಟು ಮತಪತ್ರಗಳೆಷ್ಟು ಎಂಬುದು ಆ ರಾತ್ರಿ ಖಚಿತವಾಗಿ ತಿಳಿದಿರುವುದಿಲ್ಲ.

ಇನ್ನೊಂದು ಅಭ್ಯಾಸವನ್ನು ಬಿಡಲೇಬೇಕು. ರಾಜ್ಯದ ಗಾಳಿಯನ್ನು ನೋಡಿ ಕ್ಷೇತ್ರದ ಫಲಿತಾಂಶವನ್ನು ಊಹಿಸುವುದು. 2019ರಲ್ಲಿ ಕರ್ನಾಟಕದ 28ರಲ್ಲಿ 25 ಸ್ಥಾನ ಬಿಜೆಪಿಗೆ ಹೋದವೆಂಬ ಒಂದೇ ಅಂಕಿಯಿಂದ, ಮಂಡ್ಯದಲ್ಲಿ ಪಕ್ಷೇತರರಾಗಿ ನಿಂತ ಸುಮಲತಾ ಅಂಬರೀಶ್ ಒಂದು ಲಕ್ಷಕ್ಕೂ ಹೆಚ್ಚು ಅಂತರದಲ್ಲಿ ಗೆದ್ದದ್ದನ್ನು ಯಾರು ತಾನೇ ಊಹಿಸಬಲ್ಲರು? ಮಿಷಿಗನ್ನಿನಲ್ಲಿ ಒಂದೇ ಗುರುತು ಹಾಕಿ ಒಂದು ಪಕ್ಷದ ಎಲ್ಲ ಅಭ್ಯರ್ಥಿಗಳಿಗೂ ಮತ ನೀಡುವ ಅನುಕೂಲವಿದೆ. ಆದರೂ 2024ರಲ್ಲಿ ರಾಜ್ಯದ ಅಧ್ಯಕ್ಷೀಯ ಮತ ಟ್ರಂಪ್ ಅವರಿಗೂ ಸೆನೆಟ್ ಸ್ಥಾನ ಸ್ಲಾಟ್ಕಿನ್ ಅವರಿಗೂ ಹೋದವು. 8ನೇ ಕ್ಷೇತ್ರದೊಳಗೂ ಟ್ರಂಪ್ ಮುಂದಿದ್ದರು, ಅದೇ ಮತದಾರರು ಪ್ರತಿನಿಧಿ ಸಭೆಗೆ ಡೆಮಾಕ್ರಟಿಕ್ ಪಕ್ಷದ ಕ್ರಿಸ್ಟನ್ ಮೆಕ್‌ಡೊನಾಲ್ಡ್ ರಿವೆಟ್ ಅವರನ್ನು ಕಳುಹಿಸಿದರು. ಹಾಗಾಗಿ ಪ್ರತಿ ಸಾಲಿನ ಕೊನೆಗೆ ಆ ಕ್ಷೇತ್ರದಲ್ಲಿ ಅಧ್ಯಕ್ಷ ಸ್ಥಾನಕ್ಕೆ ಯಾರು ಮುಂದಿದ್ದರೆಂಬ ಒಂದು ಚಿಕ್ಕ ಚೌಕ ಸೇರಿಸಿ. ಚೌಕದ ಬಣ್ಣವೂ ಸಾಲಿನ ಬಣ್ಣವೂ ಬೇರೆಯಾದ ಕಡೆ ಅಭ್ಯರ್ಥಿಯ ಸ್ವಂತ ಬಲ ಇದೆ ಎಂದರ್ಥ, ಮುಂದಿನ ಬಾರಿ ಮೊದಲು ನೋಡಬೇಕಾದ ಸಾಲೂ ಅದೇ.

ಕೌಂಟಿಯ ಪರಿಶೀಲನಾ ಮಂಡಳಿಗಳು ಎರಡು ವಾರಗಳೊಳಗೆ ಅಂಕಿಗಳನ್ನು ತಾಳೆ ನೋಡುತ್ತವೆ. ಆಮೇಲೆ ಎರಡೂ ಪಕ್ಷಗಳಿಂದ ತಲಾ ಇಬ್ಬರಿರುವ ನಾಲ್ವರ ರಾಜ್ಯ ಮಂಡಳಿ ಅವನ್ನು ದೃಢೀಕರಿಸುತ್ತದೆ. ಪೆನ್ಸಿಲ್ ಅಂಕಿಗಳ ಮೇಲೆ ಪೆನ್ನು ಆಡಿಸುವುದು ಆಗಲೇ. ಮುಂದಿನ ಹಾಳೆಯನ್ನು 2026ರ ಆಗಸ್ಟ್ 4ರ ಪ್ರೈಮರಿಗೂ ನವೆಂಬರ್ 3ರ ಚುನಾವಣೆಗೂ ಗೆರೆ ಹಾಕಿಟ್ಟುಕೊಳ್ಳಿ. 10ನೇ ಕ್ಷೇತ್ರದ ಜೇಮ್ಸ್ ರಾಜ್ಯಪಾಲರ ಹುದ್ದೆಗೆ (ಅಲ್ಲಿ ಅದು ನಮ್ಮ ಮುಖ್ಯಮಂತ್ರಿಯದಕ್ಕೆ ಹತ್ತಿರವಾದ ಚುನಾಯಿತ ಹುದ್ದೆ), 11ನೇ ಕ್ಷೇತ್ರದ ಹೇಲಿ ಸ್ಟೀವನ್ಸ್ ಸೆನೆಟ್ಟಿಗೆ ಸ್ಪರ್ಧಿಸುವುದಾಗಿ 2025ರಲ್ಲಿಯೇ ಘೋಷಿಸಿದ್ದರಿಂದ, ಆ ಎರಡು ಸಾಲುಗಳ ಪಕ್ಕದಲ್ಲಿ ನಕ್ಷತ್ರದ ಗುರುತು ಈಗಲೇ ಇರಲಿ.