ಹೆಸರು ಹೊಡೆದುಹಾಕುವ ಮೊದಲು ಒಂದು ಕಾಗದ

ಮೂಡಿಗೆರೆ ಕಡೆಯ ಕಾಫಿ ತೋಟವೊಂದರಲ್ಲಿ ನಾನು ರೈಟರು. ಹಾಜರಿ, ಬಟವಾಡೆ, ಪಿಎಫ್ ಎಲ್ಲ ನನ್ನದೇ. ಲೇಬರ್ ಕೋರ್ಟಿನ ಕಾಗದ ಬಂದರೂ ನನ್ನ ಮೇಜಿಗೇ ಬರುತ್ತದೆ. ಅಕ್ಕಪಕ್ಕದ ತೋಟದವರು ಕೇಳುವುದು ಹೆಚ್ಚಾಗಿ ಒಂದೇ ಪ್ರಶ್ನೆ: "ಅವನೇ ಕೆಲಸ ಬಿಟ್ಟು ಹೋದ, ಈಗ ಕೇಸ್ ಹಾಕಿದ್ದಾನೆ. ಏನ್ ಮಾಡೋದು ರೈಟ್ರೇ?"

ಅವನೇ ಬಿಟ್ಟು ಹೋದ ಅನ್ನುವುದನ್ನು ಕೋರ್ಟ್ ಸುಮ್ನೆ ನಂಬುವುದಿಲ್ಲ. 1993ರಲ್ಲಿ ಸುಪ್ರೀಂ ಕೋರ್ಟ್ ಕೊಟ್ಟ ಡಿ.ಕೆ. ಯಾದವ್ ಎಂಬ ಕೆಲಸಗಾರನ ತೀರ್ಪನ್ನು ನಾನು ಎಲ್ಲರಿಗೂ ಹೇಳುತ್ತೇನೆ. ರಜೆ ಹೇಳದೆ ಎಂಟು ದಿನಕ್ಕಿಂತ ಜಾಸ್ತಿ ಬಾರದಿದ್ದರೆ ಕೆಲಸ ಹೋದ ಹಾಗೆ ಎಂದು ಅವನ ಕಂಪನಿಯ ಕೆಲಸದ ನಿಯಮಗಳಲ್ಲಿ, ಅಂದರೆ ಸ್ಟ್ಯಾಂಡಿಂಗ್ ಆರ್ಡರ್‌ನಲ್ಲೇ ಇತ್ತು. ಆದರೂ ಕೋರ್ಟ್ ಒಪ್ಪಲಿಲ್ಲ. ವಿಚಾರಣೆ ಮಾಡದೆ ಹೆಸರು ತೆಗೆದದ್ದು ನ್ಯಾಯವಲ್ಲ, ಕೆಲಸ ವಾಪಸ್ ಕೊಡಿ, ಬಾಕಿ ಸಂಬಳದಲ್ಲಿ ಅರ್ಧ ಕೊಡಿ ಎಂದಿತು. ಅಷ್ಟು ದೊಡ್ಡ ಕಂಪನಿಯ ಬರೆದಿಟ್ಟ ನಿಯಮವೇ ನಿಲ್ಲಲಿಲ್ಲ ಅಂದರೆ, ನಮ್ಮ ಮೇಸ್ತ್ರಿಯ ಬಾಯಿಮಾತು ನಿಲ್ಲುತ್ತದಾ?

ಹಾಗಾಗಿ ಕಾಯಂ ಆಳು ಹೇಳದೆ ಕೇಳದೆ ಬಾರದಿದ್ದರೆ ನಾನು ಹೆಸರಿಗೆ ಗೀಟು ಎಳೆಯುವುದಿಲ್ಲ. ಮೊದಲು ಒಂದು ಕಾಗದ. ಇಂಥ ದಿನದಿಂದ ಬಂದಿಲ್ಲ, ಬಂದು ಕೆಲಸಕ್ಕೆ ಸೇರಿ, ಇಲ್ಲವೇ ಕಾರಣ ತಿಳಿಸಿ. ಕನ್ನಡದಲ್ಲಿ, ನಾಲ್ಕೇ ಸಾಲು. ತೋಟದ ಲೈನ್ ಮನೆ (ಆಳುಗಳ ವಸತಿ) ವಿಳಾಸಕ್ಕೂ ಊರಿನ ವಿಳಾಸಕ್ಕೂ ಎರಡು ಪ್ರತಿ. ರಿಜಿಸ್ಟರ್ ಪೋಸ್ಟ್ ಈಗ ಸ್ಪೀಡ್ ಪೋಸ್ಟ್ ಜೊತೆ ಸೇರಿಹೋಗಿದೆ, ರಸೀದಿಯನ್ನು ಮಾತ್ರ ಪ್ರತಿಯ ಬೆನ್ನಿಗೇ ಪಿನ್ ಮಾಡುತ್ತೇನೆ. ಲಕೋಟೆ ವಾಪಸ್ ಬಂದರೆ ಒಡೆಯದೆ ಹಾಗೇ ಇಡಬೇಕು, ಅದೂ ಸಾಕ್ಷಿ. ಉತ್ತರ ಬಾರದಿದ್ದರೆ ಇನ್ನೊಂದು ಕಾಗದ, ಆಮೇಲೆ ಆರೋಪ ಪತ್ರ, ವಿಚಾರಣೆ. ವಿಚಾರಣೆಗೆ ಹೊರಗಿನ ವಕೀಲರೊಬ್ಬರನ್ನು ಕೂರಿಸುತ್ತೇವೆ. ದೂರು ಕೊಟ್ಟವರೇ ತೀರ್ಪು ಹೇಳಬಾರದು ಅಲ್ವಾ?

ಒಂದು ಸಲ ಯುಗಾದಿಗೆ ಹೋದವನು ತಿಂಗಳಾದರೂ ಬರಲಿಲ್ಲ. "ತೆಗೆದುಹಾಕಿ" ಅಂದರು ತೋಟದ ಮಾಲೀಕ ಗೌಡ್ರು. ನಾನು ಕಾಗದ ಹಾಕಿದೆ. ಲಕೋಟೆ ಹಿಡಿದುಕೊಂಡು ಅವನೇ ಆಫೀಸಿಗೆ ಬಂದ. ಜಗಳ ಇದ್ದದ್ದು ಮೇಸ್ತ್ರಿ ಜೊತೆ, ತೋಟದ ಜೊತೆ ಅಲ್ಲ. ಬೇರೆ ಗುಂಪಿಗೆ ಹಾಕಿದೆವು, ಮುಗಿಯಿತು.

ಇನ್ನು 240 ದಿನದ ಲೆಕ್ಕ. ಹನ್ನೆರಡು ತಿಂಗಳಲ್ಲಿ 240 ದಿನ ಕೆಲಸ ಮಾಡಿದವನನ್ನು ಕೆಲಸವಿಲ್ಲ ಎಂದು ತೆಗೆಯಬೇಕಾದರೆ ಒಂದು ತಿಂಗಳ ನೋಟಿಸು ಅಥವಾ ಅಷ್ಟು ಸಂಬಳ, ಜೊತೆಗೆ ಪ್ರತಿ ವರ್ಷದ ಸೇವೆಗೆ 15 ದಿನದ ಸಂಬಳ ಪರಿಹಾರ ಕೊಡಬೇಕು. ಕಳಿಸುವಾಗಲೇ ಕೊಡಬೇಕು, ಆಮೇಲೆ ನೋಡೋಣ ಅನ್ನುವಂತಿಲ್ಲ. ಬರೀ ಚೆಕ್‌ರೋಲಿನ, ಅಂದರೆ ಹಾಜರಿ ಪುಸ್ತಕದ, ದಿನಗಳನ್ನು ಎಣಿಸಿ "ಇವನದು 220 ದಿನ" ಎಂದು ನಿಶ್ಚಿಂತೆಯಿಂದ ಇರುವವರಿದ್ದಾರೆ. ಸಂಬಳದ ರಜೆ, ಭಾನುವಾರಗಳೂ ಲೆಕ್ಕಕ್ಕೆ ಬರುತ್ತವೆ ಎಂದು 1985ರ ಅಮೆರಿಕನ್ ಎಕ್ಸ್‌ಪ್ರೆಸ್ ತೀರ್ಪು ಹೇಳಿದೆ. 240 ದಿನ ಆಗಿದೆ ಎಂದು ತೋರಿಸಬೇಕಾದದ್ದು ಕೆಲಸಗಾರನೇ, ನಿಜ. ನಮ್ಮ ರಾಜ್ಯದ್ದೇ ಹಡಿಮನಿ ಕೇಸಿನಲ್ಲಿ 2002ರಲ್ಲಿ ಸುಪ್ರೀಂ ಕೋರ್ಟ್ ಹಾಗೆಂದಿದೆ. ಅದನ್ನೇ ನೆಚ್ಚಿಕೊಂಡು ಹಾಜರಿ ಪುಸ್ತಕ ಮುಚ್ಚಿಡುವ ಬುದ್ಧಿವಂತರೂ ಇದ್ದಾರೆ. 2005ರ ಯಲ್ಲಟ್ಟಿ ತೀರ್ಪನ್ನು ಅವರೂ ಓದಬೇಕು. ಕೆಲಸಗಾರ ಸಾಕ್ಷಿ ಹೇಳಿ, ಪುಸ್ತಕ ತರಿಸಿ ಎಂದು ಕೇಳಿದ ಮೇಲೂ ಮಾಲೀಕರು ತರದಿದ್ದರೆ, ಕೋರ್ಟ್ ಅದನ್ನು ಅವರ ವಿರುದ್ಧವೇ ತೆಗೆದುಕೊಳ್ಳಬಹುದು. ಹಳೇ ಚೆಕ್‌ರೋಲನ್ನು ಗೆದ್ದಲಿಗೆ ಬಿಡದೆ ಕಬ್ಬಿಣದ ಬೀರುವಿನಲ್ಲಿ ಇಟ್ಟಿರುವುದು ಇದಕ್ಕೇ.

ಸೋತರೆ ಹೊರೆಯಾಗುವುದು ಬಾಕಿ ಸಂಬಳ. 2013ರ ದೀಪಾಲಿ ಗುಂಡು ಸುರ್ವಸೆ ತೀರ್ಪಿನ ಪ್ರಕಾರ, ತನಗೆ ಬೇರೆ ಕೆಲಸ ಸಿಗಲಿಲ್ಲ ಎಂದು ಅವನು ಹೇಳಿದರೆ, ಸಿಕ್ಕಿತ್ತು ಎಂದು ತೋರಿಸಬೇಕಾದವರು ನಾವು. ಪಕ್ಕದ ತೋಟಕ್ಕೆ ಹೋಗುತ್ತಿದ್ದಾನೆ ಎಂದು ಎಲ್ಲರಿಗೂ ಗೊತ್ತಿರುತ್ತದೆ. ಸಾಕ್ಷಿ ಹೇಳಿ ಅಂದರೆ ಒಬ್ಬರೂ ಬರುವುದಿಲ್ಲ!

2025ರ ನವೆಂಬರ್ 21ರಿಂದ ಹೊಸ ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದಿವೆ. "ಹಳೇ ಲೆಕ್ಕ ಹೋಯ್ತಲ್ಲ" ಎಂದು ಗೌಡ್ರು ಖುಷಿಪಟ್ಟಿದ್ದರು. ವರ್ಷಕ್ಕೆ 15 ದಿನದ ಪರಿಹಾರ ಹಾಗೇ ಇದೆ, ಅದರ ಮೇಲೆ ಕೆಲಸ ಹೋದವರ ಮರು ತರಬೇತಿ ನಿಧಿಗೆ ಇನ್ನೂ 15 ದಿನದ ಸಂಬಳ ಕಟ್ಟಬೇಕು ಎಂದೆ. ಕಾಫಿ ಪೂರ್ತಿ ಕುಡಿಯದೇ ಎದ್ದು ಹೋದರು.